ಬಿಪಿ ನೋಡಿಸಿಕೊಳ್ಳಲು ಹೋದವಳು

ಮನೋವಿಜ್ಞಾನ ವಿಭಾಗದಲ್ಲಿ ಎಲ್ಲರೂ ಅವಳನ್ನು ಟೈಪಿಂಗ್ ಮೇಡಂ ಎಂದೇ ಕರೆಯುತ್ತಿದ್ದರು. ಮುರುಕು ಕುರ್ಚಿಗಳನ್ನು ಪೇರಿಸಿಟ್ಟ ಕೋಣೆಯೊಂದರ ಮೂಲೆ ಅವಳ ಜಾಗ. ಕಿವಿಗೆ ಹೆಡ್‌ಫೋನ್, ಕಾಲಡಿ ಧ್ವನಿಯನ್ನು ನಿಲ್ಲಿಸಿ ಓಡಿಸುವ ಪೆಡಲ್. ಸಂಶೋಧನೆಗೆಂದು ರೆಕಾರ್ಡ್ ಮಾಡಿದ ಮಾತುಗಳನ್ನು ಕೇಳಿ, ಆಡಿದ್ದನ್ನು ಆಡಿದ ಹಾಗೇ ಟೈಪ್ ಮಾಡಬೇಕು. ಕೆಮ್ಮಿದರೆ ಕೆಮ್ಮು, ನಕ್ಕರೆ ನಗು, ಸುಮ್ಮನಾದರೆ ಮೌನ ಎಂದು ಕಂಸದಲ್ಲಿ ಹಾಕಬೇಕು. ದಿನವಿಡೀ ಕಂಡು ಕೇಳಿರದ ಜನರೆಲ್ಲ ಅವಳ ಕಿವಿಯೊಳಗೆ ಕೂತು ಹರಟುತ್ತಿದ್ದರು. ಅವಳ ಜೊತೆ ಮಾತಾಡುವವರು ಮಾತ್ರ ಯಾರೂ ಇರಲಿಲ್ಲ.

ವಯಸ್ಸು ಐವತ್ತರ ಆಸುಪಾಸು. ಅಪ್ಪ ಹೋದ ಮೇಲೆ ಅಮ್ಮನನ್ನು ನೋಡಿಕೊಳ್ಳುವ ಭರದಲ್ಲಿ ಮದುವೆಯ ಮಾತು ಹಿಂದೆ ಬಿದ್ದಿತ್ತು. ಮತ್ತೆ ಯಾರೂ ಅದನ್ನು ಎತ್ತಲಿಲ್ಲ. ಬೇರೆ ಊರಿನ ಅಣ್ಣ ಆಗೀಗ ಫೋನ್ ಮಾಡಿ, ಆರಾಮಾ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಸರಿ ಹಾಗಾದ್ರೆ ಎಂದು ಇಟ್ಟುಬಿಡುತ್ತಿದ್ದ. ಅಮ್ಮ ತೀರಿಕೊಂಡು ಎರಡನೆಯ ವರ್ಷ ನಡೆಯುತ್ತಿತ್ತು. ಒಬ್ಬಳಿಗೆಂದು ತಟ್ಟೆ ಹಾಕಿ ಕೂರುವುದಕ್ಕೆ ಬೇಸರವಾಗಿ ಅವಳು ಒಲೆಯ ಮುಂದೆ ನಿಂತೇ ಊಟ ಮುಗಿಸುತ್ತಿದ್ದಳು. ಶನಿವಾರ ಸಂಜೆ ಮುಚ್ಚಿದ ಬಾಯಿಯನ್ನು ಸೋಮವಾರ ಬಸ್ಸಿನಲ್ಲಿ ಟಿಕೆಟ್ ಕೇಳಲು ತೆರೆದರೆ, ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ.

ಆ ವರ್ಷ ವಿಭಾಗದಲ್ಲಿ ಹೊಸ ಅಧ್ಯಯನವೊಂದು ಶುರುವಾಯಿತು. ಪರಿಚಯವಿಲ್ಲದ ಇಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸಿ ಮಾತಾಡಲು ಬಿಡುವುದು, ಆಮೇಲೆ ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದು ಹೇಗನ್ನಿಸಿತು ಎಂದು ಕೇಳುವುದು. ಅವಳಿಗೆ ಬಂದ ಮೊದಲ ಜೋಡಿ ಒಬ್ಬ ಬೀಗ ರಿಪೇರಿಯವನು, ಒಬ್ಬಳು ಬ್ಯಾಂಕಿನಿಂದ ನಿವೃತ್ತಳಾದ ಹೆಂಗಸು. ಕಳೆದುಹೋದ ಕೀಲಿಗಳ ಕತೆ ಹೇಳಿಕೊಂಡು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಆಮೇಲೆ ಅವನನ್ನು ಕೇಳಿದರೆ, ಹೆಂಗಸು ಬಂಗಾರದಂಥವರು, ನಾನೇ ಅವರ ತಲೆ ತಿಂದೆ ಅಂದ. ಅವಳನ್ನು ಕೇಳಿದರೆ, ಪಾಪ ಎಷ್ಟು ಚೆನ್ನಾಗಿ ಮಾತಾಡಿದರು, ನನ್ನಿಂದ ಅವರಿಗೆ ಬೋರಾಗಿರಬೇಕು ಅಂದಳು. ಟೈಪಿಂಗ್ ಮೇಡಂ ಹೆಡ್‌ಫೋನ್ ತೆಗೆದು ಒಬ್ಬಳೇ ನಕ್ಕಳು. ಆದರೆ ಮುಂದಿನ ಜೋಡಿಯೂ ಅದನ್ನೇ ಹೇಳಿತು, ಅದರ ಮುಂದಿನದೂ. ವಾರ ಕಳೆಯುವಷ್ಟರಲ್ಲಿ ನಗು ನಿಂತಿತ್ತು.

ಟೈಪ್ ಮಾಡಿದ ಹಾಳೆಗಳನ್ನು ಒಯ್ಯಲು ಬಂದ ಸಂಶೋಧಕಿಯನ್ನು ಹಿಂಜರಿಯುತ್ತಲೇ ಕೇಳಿದಳು: ಎಲ್ಲರೂ ಹೀಗೇನಾ? ಎಲ್ಲರೂ ಅಲ್ಲ, ಆದರೆ ಬಹಳ ಜನ ಹೀಗೇ ಎಂದಳು ಸಂಶೋಧಕಿ. ಹಿಂದೆ ನಡೆದ ಅಧ್ಯಯನಗಳಲ್ಲೂ ಇದೇ ಕಂಡಿದೆಯಂತೆ. ಎದುರಿನವರು ತನ್ನನ್ನು ನಿಜಕ್ಕೂ ಎಷ್ಟು ಮೆಚ್ಚಿಕೊಂಡರೋ ಅದಕ್ಕಿಂತ ಕಡಿಮೆಯೇ ಮೆಚ್ಚಿಕೊಂಡರು ಅಂದುಕೊಂಡು ಜನ ಎದ್ದು ಹೋಗುತ್ತಾರಂತೆ. ತಾನು ಆಡಿದ ಎಡವಟ್ಟು ಮಾತೆಲ್ಲ ತನ್ನ ತಲೆಯಲ್ಲೇ ತಿರುಗುತ್ತಿರುತ್ತದೆ, ಎದುರಿನವರ ತಲೆಯಲ್ಲಿ ಏನಿದೆಯೋ ಕಾಣುವುದಿಲ್ಲವಲ್ಲ ಎಂದು ಹೇಳಿ, ಹಾಳೆಗಳನ್ನು ಬಗಲಿಗಿಟ್ಟುಕೊಂಡು ಅವಳು ಹೊರಟುಹೋದಳು.

ಅಂದು ಸಂಜೆ ಬಸ್ಸಿನಲ್ಲಿ ಟೈಪಿಂಗ್ ಮೇಡಂಗೆ ನೆನಪಾದದ್ದು ನರ್ಸಮ್ಮ. ಅಮ್ಮನ ಕೊನೆಯ ತಿಂಗಳುಗಳಲ್ಲಿ ದಿನಾ ಮನೆಗೆ ಬರುತ್ತಿದ್ದವಳು. ಇವಳಿಗಿಂತ ಸ್ವಲ್ಪ ಚಿಕ್ಕವಳು. ಅಮ್ಮನನ್ನು ಮಗ್ಗುಲು ಬದಲಿಸಿ, ಹುಣ್ಣು ತೊಳೆದು, ಇಂಜೆಕ್ಷನ್ ಕೊಟ್ಟಾದ ಮೇಲೆ ಅಡುಗೆಮನೆಯಲ್ಲಿ ಒಂದು ಗಳಿಗೆ ಕೂರುತ್ತಿದ್ದಳು. ಅಮ್ಮನನ್ನು ನೋಡಲು ಬರುತ್ತಿದ್ದ ದೊಡ್ಡ ಡಾಕ್ಟರು ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದನ್ನು ಅವಳು ಮಾಡಿ ತೋರಿಸಿದರೆ, ಅಮ್ಮನಿಗೆ ಎಚ್ಚರವಾಗದಿರಲೆಂದು ಇಬ್ಬರೂ ಬಾಯಿಗೆ ಕೈ ಒತ್ತಿಕೊಂಡು ನಗುತ್ತಿದ್ದರು. ಅಮ್ಮ ಹೋದ ದಿನ ಕಣ್ಣು ಮುಚ್ಚಿಸಿದವಳೂ ಅವಳೇ. ಬರ್ತಾ ಇರಿ ಎಂದು ಇವಳು ಹೇಳಿದ್ದಕ್ಕೆ ತಲೆಯಾಡಿಸಿ ಹೋದವಳು ಮತ್ತೆ ಬರಲಿಲ್ಲ. ಕೆಲಸವಿತ್ತು ನಕ್ಕಳು, ಕೆಲಸ ಮುಗಿಯಿತು ಹೋದಳು ಎಂದು ಇವಳು ಮನಸ್ಸಿಗೆ ಸಮಾಧಾನ ಹೇಳಿ ಸುಮ್ಮನಾಗಿದ್ದಳು.

ವಿಚಾರಿಸಿದಾಗ ನರ್ಸಮ್ಮ ಈಗ ಮಾರ್ಕೆಟ್ಟಿನ ಹಿಂದಿನ ಕ್ಲಿನಿಕ್ಕಿನಲ್ಲಿದ್ದಾಳೆಂದು ತಿಳಿಯಿತು. ಅರ್ಧ ದಿನ ರಜೆ ಹಾಕಿ ಹೋದಳು. ಬೆಂಚಿನ ತುಂಬ ರೋಗಿಗಳು. ನರ್ಸಮ್ಮ ಇವಳನ್ನು ಕಂಡವಳೇ ನಿಂತುಬಿಟ್ಟಳು. ಮುಖ ಅರಳಿತೋ ಗಾಬರಿಯಾಯಿತೋ ಗೊತ್ತಾಗಲಿಲ್ಲ.

"ಯಾರಿಗೆ ಹುಷಾರಿಲ್ಲ ಅಕ್ಕಾ?"

ನಿಮ್ಮನ್ನೇ ನೋಡಲು ಬಂದೆ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ.

"ನನಗೇ. ಬಿಪಿ ನೋಡಿಸ್ಬೇಕಿತ್ತು."

ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಎದೆ ಹಾಗೆ ಹೊಡೆದುಕೊಳ್ಳುತ್ತಿದ್ದರೆ ಬಿಪಿ ಏರದೆ ಇನ್ನೇನಾದೀತು? ಸ್ವಲ್ಪ ಜಾಸ್ತಿಯಿದೆ, ಮುಂದಿನ ವಾರ ಬನ್ನಿ ಎಂದಳು. ಮುಂದಿನ ವಾರ ಹೋದಳು; ಸರಿಯಾಗಿತ್ತು. ಎದ್ದು ಬರಬೇಕಾದವಳು, ಯಾಕೋ ತಲೆ ಸುತ್ತುತ್ತದೆ ಅಂದಳು. ಹೀಗೇ ವಾರ ವಾರವೂ ಏನಾದರೊಂದು ಕಾಯಿಲೆ ಹುಟ್ಟಿಸಿಕೊಂಡು ಹೋದಳು. ಪಟ್ಟಿ ಸುತ್ತಿ ಬಿಚ್ಚುವಷ್ಟು ಹೊತ್ತು ಮಾತು. ಮನೆಗೆ ಬಂದು ಆಡಿದ್ದನ್ನೆಲ್ಲ ಮೊದಲಿಂದ ನೆನೆದು, ಅದೊಂದು ಹೇಳಬಾರದಿತ್ತು ಎಂದು ಕೈ ಕೈ ಹಿಸುಕಿಕೊಳ್ಳುವಳು. ಜನ ಹೀಗೆ ತಪ್ಪು ತಿಳಿಯುತ್ತಾರೆಂದು ರಾಶಿ ಹಾಳೆ ಟೈಪ್ ಮಾಡಿದವಳು ಅವಳೇ. ಗೊತ್ತಿದ್ದ ಮಾತ್ರಕ್ಕೆ ಸಂಕಟವೇನೂ ಕಡಿಮೆಯಾಗಲಿಲ್ಲ.

ಒಂದು ದಿನ ಬೆಂಚು ಖಾಲಿಯಿತ್ತು. ನರ್ಸಮ್ಮ ಪಟ್ಟಿ ಸುತ್ತಲಿಲ್ಲ, ಎದುರಿಗೆ ಕೂತಳು.

"ನಿಮಗೇನೂ ಆಗಿಲ್ಲ ಅಕ್ಕಾ. ನನ್ನ ಹತ್ರ ಏನೋ ಕೇಳ್ಬೇಕು ಅಂತ ಬರ್ತಾ ಇದೀರ. ಅಮ್ಮನ ವಿಷಯಾನಾ? ಅವತ್ತು ನನ್ನಿಂದ ಏನಾದ್ರೂ ತಪ್ಪಾಯ್ತು ಅಂತ ಅನ್ಸಿದ್ರೆ ಹೇಳ್ಬಿಡಿ."

ಇಷ್ಟು ದಿನ ನರ್ಸಮ್ಮನ ಮನಸ್ಸಿನಲ್ಲಿ ಇದು ಓಡುತ್ತಿತ್ತೇ?

"ಅಯ್ಯೋ, ಇಲ್ಲ ಸಿಸ್ಟರ್. ನಿಮ್ಮ ಜೊತೆ ಮಾತಾಡೋಣ ಅಂತ ಬರ್ತಾ ಇದ್ದೆ, ಅಷ್ಟೇ. ನೀವು ಯಾಕೆ ಆಮೇಲೆ ಬರ್ಲೇ ಇಲ್ಲ?"

ನರ್ಸಮ್ಮ ಪಟ್ಟಿಯ ಅಂಚನ್ನು ಮಡಚತೊಡಗಿದಳು.

"ಸಾವಾದ ಮನೆಯವರು ನನ್ನ ನೋಡಿದ್ರೆ ರಸ್ತೆ ದಾಟಿ ಆಚೆ ಹೋಗ್ತಾರೆ ಅಕ್ಕಾ. ನನ್ನ ಮುಖ ನೋಡಿದ್ರೆ ಅದೇ ನೆನಪಾಗುತ್ತೆ. ನಿಮಗೂ ಹಾಗೇ ಅಂದ್ಕೊಂಡೆ. ಒಂದೆರಡು ಸಲ ನಿಮ್ಮ ಬೀದಿವರೆಗೂ ಬಂದು ವಾಪಸ್ ಹೋದೆ."

ಭಾನುವಾರ ಊಟಕ್ಕೆ ಬನ್ನಿ ಎಂದಳು ಇವಳು.

ಭಾನುವಾರ ಬೆಳಗಿನಿಂದ ನೆಲ ಒರೆಸಿದ್ದನ್ನೇ ಒರೆಸಿದಳು. ನರ್ಸಮ್ಮ ಇನ್ನೊಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು, ಕಣ್ಣುಗಳು ಕೆಂಪಾಗಿದ್ದವು. ಒಂದು ನಿಮಿಷ ಒರಗುತ್ತೇನೆ ಎಂದು ಅಮ್ಮನ ಮಂಚದ ಮೇಲೆ ಕಾಲು ಚಾಚಿದವಳಿಗೆ ಗಾಢ ನಿದ್ದೆ ಹತ್ತಿತು. ಬಡಿಸಿದ ತಟ್ಟೆಗಳು ಆರುತ್ತ ಕೂತವು. ಇವಳು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಳು. ನರ್ಸಮ್ಮ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಇನ್ನೊಂದು ಜೀವದ ಸದ್ದು. ಎಬ್ಬಿಸಲು ಮನಸ್ಸಾಗಲಿಲ್ಲ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ನರ್ಸಮ್ಮ ನಾಚಿಕೊಂಡು, ತಣ್ಣಗಾದ ಊಟವನ್ನೇ ಗಬಗಬ ಉಂಡು, ಮತ್ತೆ ಪಾಳಿಯಿದೆ ಎಂದು ಚಪ್ಪಲಿ ಮೆಟ್ಟಿದಳು. ಮಾತಾಡಲು ಕರೆದವರ ಮನೆಯಲ್ಲಿ ಮಲಗಿಬಿಟ್ಟೆ, ಏನಂದುಕೊಂಡಿರೋ ಎಂದಳು. ಏನೂ ಅಂದುಕೊಂಡಿಲ್ಲ, ಮುಂದಿನ ಸಲವೂ ಇಲ್ಲೇ ಮಲಗಿ ಎಂದಳು ಇವಳು. ನರ್ಸಮ್ಮ ನಕ್ಕು ಮೆಟ್ಟಿಲಿಳಿದಳು. ಮುಂದಿನ ಸಲ ಯಾವಾಗ ಎಂದು ಇಬ್ಬರೂ ಹೇಳಿಕೊಳ್ಳಲಿಲ್ಲ. ಇವಳು ಒಳಗೆ ಬಂದು, ಮಂಚದ ಮೇಲೆ ಮುದುರಿದ್ದ ಹೊದಿಕೆಯನ್ನು ಮಡಚಿಡಲು ಹೋಗಿ, ಹಾಗೇ ಬಿಟ್ಟು, ಇನ್ನೂ ಮುಟ್ಟಿರದ ತನ್ನ ತಟ್ಟೆಯ ಮುಂದೆ ಕೂತಳು.