ಗುಡ್ಡದ ಕೆಳಗೆ ಮಲಗಿದವರು

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಚರ್ಚಿನ ಗಂಟೆ ಮೊಳಗಿತು. ಅದು ಪ್ರಾರ್ಥನೆಯ ಹೊತ್ತಲ್ಲ. ಗುಡ್ಡದಲ್ಲಿ ಬಿರುಕು ಕಂಡು ಗಂಟೆ ಹೊಡೆದವರು ನಮ್ಮ ಕಪ್ಯಾರರು. ಚರ್ಚಿನಲ್ಲಿ ಗಂಟೆ, ಮೇಣದಬತ್ತಿ ನೋಡಿಕೊಳ್ಳುತ್ತಿದ್ದವರು. ರಬ್ಬರ್ ಹಾಲಿನ ಕಲೆ ಹಿಡಿದ ಬೆರಳುಗಳನ್ನು ಸದಾ ಲುಂಗಿಗೆ ಒರೆಸುತ್ತಿದ್ದರು.

"ಅದು ನಮ್ಮ ಕೆಲಸ ಅಲ್ವಾ ಮಾರಾಯ್ರೆ" ಎನ್ನುವುದು ಅವರ ಮಾತು. ನಮ್ಮೂರು ಕಡಬದ ಬಾವಿಗಳು ಬತ್ತಿದ ಬೇಸಿಗೆಯಲ್ಲಿ ಹಾಗೆಂದೇ ಗುಡ್ಡದ ಮೇಲೆ ಇಂಗುಗುಂಡಿಗಳನ್ನು ತೋಡಿಸಿದ್ದರು. ದೇವರು ಕೊಟ್ಟ ಭೂಮಿಗೆ ನೀರು ಕುಡಿಸುವ ಪುಣ್ಯವೆಂದು ನಾನೂ ತೋಡಿದ್ದೆ. ಕೆಳಗೆ ರಬ್ಬರ್ ಹಾಲು ತೆಗೆಯುವ ಕೂಲಿಯವರ ನಾಲ್ಕು ಮನೆಗಳಿದ್ದವು. ಅವರನ್ನು ಯಾರೂ ಕೇಳಿರಲಿಲ್ಲ. ಮಳೆಗೆ ಗುಂಡಿಗಳು ತುಂಬಿ ಗುಡ್ಡ ಸಡಿಲವಾಯಿತು.

ಗಂಟೆ ಕೇಳಿ ಆ ಮನೆಗಳವರೆಲ್ಲ ಹೊರಗೆ ಓಡಿದರು. ಕುಸಿದ ಮಣ್ಣು ಮೊದಲ ಮನೆಯ ಹಿತ್ತಿಲ ಬಾಗಿಲವರೆಗೆ ಬಂದು ನಿಂತಿತು. ಗುಡ್ಡ ಜರಿದ ಆ ಸದ್ದು ನನ್ನ ಕಿವಿಯಲ್ಲಿ ಈಗಲೂ ಉಂಟು.

"ಗುಂಡಿ ತೋಡುವಾಗ ನಾವು ಕೆಳಗೆ ಇರುದು ಕಾಣ್ಲಿಲ್ವಾ ಕಪ್ಯಾರ್ರೆ?" ಆ ಮನೆಯಾಕೆ ಕೇಳಿದಳು.

ಅವರು ಬೆರಳು ಒರೆಸಿಕೊಂಡರು. "ಕಾಣ್ಲಿಲ್ಲ ತಂಗಿ. ಮುಚ್ಚುದೂ ನಮ್ಮ ಕೆಲಸವೇ."

"ಮುಚ್ಚಿ, ಆಮೇಲೆ ನೀವೇ ನಮ್ಮ ಮನೆಯಲ್ಲಿ ಮಲಗಿ ನೋಡಿ."

ಗುಂಡಿಗಳನ್ನು ಮುಚ್ಚಿದೆವು. ನಾಲ್ಕು ಮನೆಯವರೂ ಚರ್ಚಿನ ಸಭಾಂಗಣದಲ್ಲಿ ಉಳಿದರು. ಕಪ್ಯಾರರು ಚಾಪೆ ಹಿಡಿದು ಆಕೆಯ ಮನೆಗೆ ಹೋದರು. ಪ್ರತಿ ಬೆಳಿಗ್ಗೆ ಆಕೆ ಬಂದು, "ನಿದ್ದೆ ಬಂತಾ?" ಎಂದು ಕೇಳುವಳು. "ಇಲ್ಲ ತಂಗಿ" ಎನ್ನುವರು. ಸುಳ್ಳು ಹೇಳಲಿಲ್ಲ.

ಮಳೆಗಾಲ ಪೂರ್ತಿ ಮುಗಿದ ಮೇಲೆ ಒಂದು ಬೆಳಿಗ್ಗೆ, "ಬಂತು" ಎಂದರು. ಆಕೆ ಪಾತ್ರೆಗಳನ್ನು ಹೊತ್ತು ಮನೆಗೆ ಇಳಿದಳು. ಆ ರಾತ್ರಿ, ಗುಂಡಿ ತೋಡಿದ ನನಗೂ ಬೆಳಗಾಗುವವರೆಗೆ ನಿದ್ದೆ ಬಂತು.