ದೊಡ್ಡಮ್ಮ ಎತ್ತಿಟ್ಟ ಸೌದೆ

ಕಳೆದ ವಾರ ನಾನು ಸೌದೆ ಕಳ್ಳತನ ಮಾಡಿ ಸಿಕ್ಕಿಬಿದ್ದೆ. ಅದೂ ಸ್ವಂತ ದೊಡ್ಡಮ್ಮನ ಮನೆಯಲ್ಲಿ!

ಸಾಗರದಲ್ಲಿ ಗೀಸರ್ ಹಾಕಿಕೊಂಡು ಸ್ನಾನ ಮಾಡುವ ಗಿರಾಕಿ ನಾನು. ಹೊಸನಗರದ ಆಚೆ, ಹುಂಚದ ದಾರಿಯಲ್ಲಿರುವ ದೊಡ್ಡಮ್ಮನಿಗೆ ಕೆಮ್ಮು ಜೋರಾಗಿದೆ ಅಂತ ನೋಡಲು ಹೋಗಿದ್ದೆ. ಅಲ್ಲಿ ನಾಲ್ಕು ದಿನದಿಂದ ಕರೆಂಟಿಲ್ಲ. ಬಚ್ಚಲ ಒಲೆಗೆ ಇಟ್ಟ ಸೌದೆ ಹೊಗೆ ಬಿಟ್ಟರೆ ಬೇರೇನೂ ಕೊಡಲಿಲ್ಲ. ಊದಿ ಊದಿ ಕಣ್ಣು ಕೆಂಪಾಯಿತು. ಆಗ ಕಂಡಿತು ನೋಡಿ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲ್ ಹೊದಿಸಿ ಒಪ್ಪವಾಗಿ ಒಟ್ಟಿದ ಮಾವಿನ ಸೌದೆ. ಚೆನ್ನಾಗಿ ಒಣಗಿದ್ದು. ಎರಡು ತುಂಡು ಎಳೆದೆ.

"ಅಯ್ಯೋ, ಅದನ್ನ ಮುಟ್ಬೇಡ ಮಾರಾಯ!" ಸುಧಾ ಅತ್ತಿಗೆ (ದೊಡ್ಡಮ್ಮನ ಸೊಸೆ) ಓಡಿ ಬಂದು ಕೈಯಿಂದ ಕಿತ್ತುಕೊಂಡರು.

"ಎರಡು ತುಂಡಿಗೆ ಇಷ್ಟು ಗಲಾಟೆಯಾ ಅತ್ತಿಗೆ?"

ಅತ್ತಿಗೆ ದನಿ ತಗ್ಗಿಸಿದರು. "ಅದು ಅತ್ತೆದು."

ಅರ್ಥವಾಗಲಿಲ್ಲ. ಒಳಗಿಂದ ದೊಡ್ಡಮ್ಮನೇ ಬಿಡಿಸಿ ಹೇಳಿದರು. "ನನ್ನ ಸುಡಕ್ಕೆ ಇಟ್ಟಿದ್ದು ಕಣಾ. ಅದ್ರಲ್ಲಿ ನೀರು ಕಾಯ್ಸಕ್ಕೆ ಹೊರ್ಟಿದ್ಯಾ?" ಹೇಳಿ ನಕ್ಕರು, ಕೆಮ್ಮಿದರು.

ನನಗೆ ನಗು ಬರಲಿಲ್ಲ. ಕಾರಣ ತಕ್ಷಣ ಹೊಳೆದಿತ್ತು. ಅಪ್ಪ ತೀರಿಕೊಂಡದ್ದು ಇಂಥದೇ ಆಷಾಢದಲ್ಲಿ. ಇದ್ದಬದ್ದ ಸೌದೆಯೆಲ್ಲ ನೀರು ಕುಡಿದಿತ್ತು. ಎರಡು ಸಲ ಬೆಂಕಿ ಆರಿತು. ಸಕ್ಕರೆ ಸುರಿದೆವು, ಡೀಸೆಲ್ ಸುರಿದೆವು, ಕೊನೆಗೆ ಯಾರೋ ಹಳೇ ಟಯರ್ ತಂದರು. ಅಪ್ಪನ ಚಿತೆಗೆ ಟಯರ್ ಇಟ್ಟ ಮಗ ನಾನು. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಮನೆಗೆ ಬಂದು ಹೇಳಿಕೊಂಡು ಅತ್ತಾಗ ಪಕ್ಕದಲ್ಲಿ ಕೂತಿದ್ದವರು ದೊಡ್ಡಮ್ಮ.

ಆಮೇಲಿಂದ ಪ್ರತಿ ಬೇಸಿಗೆಯಲ್ಲೂ ತಮ್ಮ ಪಾಲಿನ ಸೌದೆ ಸೀಳಿಸಿ, ಒಣಗಿಸಿ, ಬೇರೆಯೇ ಒಟ್ಟಿಸುತ್ತಾರಂತೆ. ಸಾಯದೆ ಮಳೆಗಾಲ ದಾಟಿದರೆ ಅದೇ ಸೌದೆಯಲ್ಲಿ ದೀಪಾವಳಿಯ ಎಣ್ಣೆಸ್ನಾನಕ್ಕೆ ನೀರು ಕಾಯಿಸುವುದಂತೆ!

"ನಿಮ್ಮದೇನ್ರೀ, ಅಷ್ಟು ಚೆಂದದ ಮಳೆ" ಅನ್ನುತ್ತಾರೆ ಹೊರಗಿನವರು. ಚೆಂದ ಹೌದು, ಇಲ್ಲ ಅಂದವರ್ಯಾರು? ತೀರ್ಥಹಳ್ಳಿ ದಾಟಿದ ಮೇಲೆ ಕಾರು ನಿಲ್ಲಿಸಿ, ರೀಲ್ಸ್ ಮಾಡಿ, ಬಜ್ಜಿ ತಿಂದು ಹೋಗಿ. ಇಲ್ಲೇ ಇರುವವರಿಗೆ ಮಳೆ ಅಂದರೆ ಮೇ ತಿಂಗಳಲ್ಲೇ ಮುಗಿಸಬೇಕಾದ ಕೆಲಸ. ಹಪ್ಪಳ, ಉಪ್ಪಿನಕಾಯಿ, ಕೊಡೆ ರಿಪೇರಿ, ಸೋರುವ ಹಂಚು, ದನಕ್ಕೆ ಹುಲ್ಲು. ಆ ಪಟ್ಟಿಗೆ ತನ್ನ ಸಾವನ್ನೂ ಸೇರಿಸಿ ನಿಶ್ಚಿಂತೆಯಿಂದ ಎಲೆಅಡಿಕೆ ಹಾಕುವ ಮುದುಕಿಯನ್ನು ಯಾವ ರೀಲ್ಸಿನಲ್ಲಿ ತೋರಿಸುತ್ತೀರಿ?

ಮರುದಿನ ಬೆಳಿಗ್ಗೆ ಪಕ್ಕದ ಮನೆ ಮಂಜಪ್ಪ ಹೋಗಿಬಿಟ್ಟರು. ಐವತ್ತೂ ಆಗಿರಲಿಲ್ಲ. ಗದ್ದೆಗೆ ಹೊರಟವರು ಎದೆ ಹಿಡಿದುಕೊಂಡು ಕುಸಿದರಂತೆ.

ಅವರ ತಮ್ಮ ಸುರೇಶ ನಮ್ಮ ಅಂಗಳದಲ್ಲಿ ಕೊಡೆ ಹಿಡಿದು ನಿಂತ. "ನಮ್ ಸೌದೆ ಕೊಟ್ಗೆ ಮೇಲೆ ಮರ ಬಿದ್ದಿದೆ. ಎಲ್ಲ ನೆಂದು ಚಂಡಿ. ಒಂದೂ ಹತ್ತಲ್ಲ" ಅಂದ. ಅಷ್ಟೇ. ಬೇಕು ಅಂತ ಕೇಳಲಿಲ್ಲ. ಹೇಗೆ ಕೇಳುತ್ತಾನೆ? ನಮ್ಮ ಕೊಟ್ಟಿಗೆಯಲ್ಲಿರುವ ಸೌದೆ ಯಾರದ್ದೆಂದು ಊರಿಗೇ ಗೊತ್ತು.

ಅತ್ತಿಗೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನಿಜ ಹೇಳುತ್ತೇನೆ, ಕೊಡುವುದು ಬೇಡ ಅಂತಲೇ ನನ್ನ ಮನಸ್ಸಿನಲ್ಲಿದ್ದದ್ದು. ಮಳೆ ಇನ್ನೂ ಎರಡು ತಿಂಗಳಿದೆ. ದೊಡ್ಡಮ್ಮನಿಗೆ ಎಂಬತ್ತಾರು. ಆ ಕೆಮ್ಮು ಬೇರೆ. ಇನ್ನೊಂದು ಸಲ ಟಯರ್ ಹೊರಲೇ? ಛೆ!

"ಎಂತ ನೋಡ್ತಾ ನಿಂತಿದ್ದೀರಾ? ಗಾಡಿ ತರ್ಸಿ, ಹೇರಿ ಕಳ್ಸಿ." ದೊಡ್ಡಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು.

"ಅಲ್ಲ ಅತ್ತೆ, ನಿಮ್ಗೆ..." ಅತ್ತಿಗೆ ಹೋಗಿ ಅವರ ತೋಳು ಹಿಡಿದುಕೊಂಡರು.

"ನಂಗೆಂತ? ಸತ್ತವ್ನು ಅವ್ನು, ನಾನಲ್ಲ. ಟಾರ್ಪಾಲೂ ಹೊದ್ಸಿ ಕಳ್ಸಿ, ದಾರೀಲಿ ನೆನೀತದೆ."

ಸುರೇಶ ಅಂಗಳದಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಪಿಕಪ್ ಬಂತು. ನಾನೇ ನಿಂತು ಹೇರಿದೆ. ಸ್ಮಶಾನದ ತಗಡಿನ ಶೀಟಿನ ಕೆಳಗೆ ಮಂಜಪ್ಪನ ಚಿತೆ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಅಪ್ಪ ನೆನಪಾಗಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಸಂಜೆ ದೊಡ್ಡಮ್ಮ ಸೊಸೆಯನ್ನು ಕರೆದರು. "ಸುಧಾ, ಒಂದ್ ಲೋಟ ಕಷಾಯ ಕಾಸೇ. ಇನ್ನು ಬಿಸ್ಲು ಬರೋ ತನ್ಕ ನಾನು ಸಾಯೋ ಹಂಗಿಲ್ಲ."

ಸಾಗರಕ್ಕೆ ಬಂದು ಐದು ದಿನವಾಯಿತು. ದಿನಾ ಅತ್ತಿಗೆಗೆ ಫೋನ್ ಮಾಡುತ್ತೇನೆ. ಕೆಮ್ಮಿನ ವಿಚಾರ ಎತ್ತಲು ಧೈರ್ಯ ಸಾಲದು. ಕೇಳುವುದು ಒಂದೇ ಮಾತು: ಅಲ್ಲಿ ಬಿಸಿಲು ಬಂತಾ?