ಸಮೀಕ್ಷಾಳ ಮೂರನೇ ಪರೀಕ್ಷೆ

ಕೊಚ್ಚಿಯ ಬ್ಯಾಂಕಿಗೆ ವರ್ಗವಾಗಿ ಬಂದ ಓಂಕಾರಪ್ಪನವರ ಮಗಳು ಸಮೀಕ್ಷಾಗೆ ಹನ್ನೊಂದನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಈ ಸಂಗತಿ ಫ್ಲಾಟಿನ ಬಾಗಿಲು ದಾಟದಂತೆ ತಾಯಿ ರತ್ನ ಹದಿನೈದು ವರ್ಷ ಕಾವಲು ಕಾದಿದ್ದರು. ಹುಬ್ಬಳ್ಳಿಯ ನೆಂಟರಿಗೆ ಗೊತ್ತಾದರೆ ಗಂಡು ಸಿಗುವುದಿಲ್ಲವೆಂಬ ಭಯ. ಮಗಳು ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದರೂ ಆ ಭಯಕ್ಕೆ ಮದ್ದು ಸಿಕ್ಕಿರಲಿಲ್ಲ.

ಹೊರಗೆ ಓದಿದವರು ಇಲ್ಲಿ ವೈದ್ಯರಾಗಲು ಅರ್ಹತಾ ಪರೀಕ್ಷೆ ಪಾಸಾಗಬೇಕು. ಸಮೀಕ್ಷಾ ಎರಡು ಸಲ ಡುಮ್ಕಿ ಹೊಡೆದಿದ್ದಳು. ಓದಿರಲಿಲ್ಲವೆಂದಲ್ಲ, ಎರಡೂ ಸಲ ಪರೀಕ್ಷೆಯ ನಡುವೆ ರಕ್ತದ ಸಕ್ಕರೆ ತೀರಾ ಇಳಿದು, ಕಂಪ್ಯೂಟರ್ ಪರದೆಯ ಅಕ್ಷರಗಳು ಕಲಸಿಕೊಂಡು, ಎದ್ದು ಹೊರಬಂದಿದ್ದಳು. ಮೊದಲೇ ಅನುಮತಿ ಪಡೆಯದಿದ್ದರೆ ಒಂದು ಗ್ಲೂಕೋಸ್ ಮಾತ್ರೆಯನ್ನೂ ಒಳಗೆ ಬಿಡುವುದಿಲ್ಲ. ಅನುಮತಿಗೆ ವೈದ್ಯರ ಪತ್ರ ಬೇಕು; ಗುಟ್ಟು ಬಯಲಾದೀತೆಂದು ರತ್ನ ಅದನ್ನು ಬರೆಸಗೊಟ್ಟಿರಲಿಲ್ಲ.

ಮೂರನೇ ಸಲ ಪರೀಕ್ಷೆಗೆ ಕಟ್ಟಿದಾಗ ಅನುಮತಿಗೂ ಅರ್ಜಿ ಹಾಕಿದಳು. ಪತ್ರ ತರಲು ಹೋದವರು ರತ್ನ. ಡಾಕ್ಟರ್ ಉಪೇಂದ್ರ ಮೈಸೂರಿನವರು, ದಾಕ್ಷಿಣ್ಯದ ಮನುಷ್ಯ. ಸ್ವಲ್ಪ ಚೆನ್ನಾಗಿ ಬರೆಯಿರಿ ಎಂದು ಈಕೆ ಕೇಳಿಕೊಂಡರು, ಅವರು ಬರೆದೇಬಿಟ್ಟರು: ಕಾಯಿಲೆ ಹತೋಟಿಯಲ್ಲಿದೆ, ಯಾವ ತೊಂದರೆಯೂ ಇಲ್ಲ. ಹೆಣ್ಣು ನೋಡಲು ಬಂದವರ ಮುಂದಿಡಬಹುದಾದ ಪತ್ರ. ತೊಂದರೆಯಿಲ್ಲದವರಿಗೆ ಅನುಮತಿ ಏಕೆಂದು ಅರ್ಜಿ ವಾಪಸಾಯಿತು. ತಿದ್ದಿ ಕಳಿಸಲು ಮೂರು ದಿನವಿತ್ತು.

ಸಮೀಕ್ಷಾ ತಾಯಿಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪುಸ್ತಕಗಳನ್ನು ರಟ್ಟಿನ ಡಬ್ಬಕ್ಕೆ ತುಂಬತೊಡಗಿದಳು. ಅದನ್ನು ಕಂಡ ರತ್ನ ಡಬ್ಬವನ್ನು ಬದಿಗೆ ತಳ್ಳಿದರು. ಚಪ್ಪಲಿ ಮೆಟ್ಟಿ, ಮಗಳನ್ನು ಎಳೆದುಕೊಂಡು ಕ್ಲಿನಿಕ್ಕಿಗೆ ನಡೆದರು. ಸಕ್ಕರೆ ಎಷ್ಟು ಸಲ ಇಳಿಯುತ್ತದೆ ಎಂದು ವೈದ್ಯರು ಕೇಳಿದಾಗ ಸಮೀಕ್ಷಾ ಅಭ್ಯಾಸಬಲದಿಂದ ಅಪರೂಪಕ್ಕೆ ಎಂದಳು.

"ಸುಳ್ಳರೀ," ಎಂದರು ರತ್ನ. "ವಾರದಾಗ ಮೂರು ಸಲ ಇಳಿತೈತಿ. ಎರಡು ಸಲ ನೆಲಕ್ಕ ಬಿದ್ದಾಳ. ಇದ್ದದ್ದು ಇದ್ದಂಗ ಬರೀರಿ."

ಅನುಮತಿ ಬಂತು. ತಿರುವನಂತಪುರದಲ್ಲಿ, ಉಳ್ಳೂರಿನ ಹತ್ತಿರದ ಕೇಂದ್ರದಲ್ಲಿ ಪರೀಕ್ಷೆ. ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳು ಮತ್ತೆ ಕಲಸಿಕೊಂಡವು. ಬೆರಳು ಚುಚ್ಚಿ ನೋಡಿದಳು, ಮಾತ್ರೆ ತಿಂದಳು, ಕಾದಳು. ಗಡಿಯಾರ ಅವಳಿಗಾಗಿ ನಿಲ್ಲಲಿಲ್ಲ. ಹನ್ನೆರಡು ನಿಮಿಷ ಹೋಯಿತು, ಒಂಬತ್ತು ಪ್ರಶ್ನೆ ಉಳಿದವು. ಆದರೂ ಈ ಸಲ ಕೊನೆಯವರೆಗೆ ಕುಳಿತಿದ್ದಳು.

ಗೇಟಿನ ಹೊರಗೆ ತಂದೆತಾಯಂದಿರ ಗುಂಪು. ಪೇಪರ್ ಹೇಗಿತ್ತೆಂದು ಎಲ್ಲರೂ ತಂತಮ್ಮ ಮಕ್ಕಳನ್ನು ಕೇಳುತ್ತಿದ್ದರು. ಬೆಳಗಿನಿಂದ ಹುಬ್ಬಳ್ಳಿ ಕಡೆಯ ಒಂದು ಕುಟುಂಬದೊಡನೆ ಹರಟುತ್ತ ನಿಂತಿದ್ದ ರತ್ನ, ಮಗಳನ್ನು ಕಂಡದ್ದೇ ಅವರ ನಡುವಿನಿಂದಲೇ ಕೂಗಿದರು:

"ಶುಗರ್ ಎಷ್ಟಕ್ಕ ಇಳದಿತ್ತವ್ವಾ?"

"ಐವತ್ತೆಂಟು," ಎಂದಳು ಸಮೀಕ್ಷಾ, ಅಷ್ಟೇ ಜೋರಾಗಿ.